ಗಾಲಿಗೆ ಹಳಿ, ಕೈಗೆ ಕೂಲಿ: ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಹಳ್ಳಿಗಳು

(ನಮ್ಮೂರಿನ ಗ್ರಂಥಾಲಯದ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಅಂದು ಬಿಟ್ಟ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಗಾಡಿಯ ಗಾಲಿಗೆ ಹಳಿ, ಅಂದರೆ ಕಬ್ಬಿಣದ ಬಳೆ, ಹಾಕುವುದನ್ನು ಕಣ್ಣಾರೆ ಕಂಡವರು ಎಷ್ಟು ಜನ ಇದ್ದೀರಿ ಎಂದು ಮಾತಿನ ಮೊದಲಿಗೇ ಕೇಳಿದೆ. ಏಳೆಂಟು ಕೈಗಳು ಮೇಲೆದ್ದವು. ಎಲ್ಲವೂ ಎಪ್ಪತ್ತು ದಾಟಿದವರ ಕೈಗಳು. ನಾನು ಹೇಳಹೊರಟಿರುವುದು ದೂರದ ಇಂಗ್ಲೆಂಡಿನ, ನೂರೈವತ್ತು ವರ್ಷಗಳ ಹಿಂದಿನ ಕತೆಯಾದರೂ ಆ ಹಿರಿಯರಿಗೆ ಅದರ ಮೊದಲ ಭಾಗ ಹೊಸದೇನಲ್ಲ. ಕಾದ ಕಬ್ಬಿಣ, ಒಣಗಿದ ಮರ, ತಣ್ಣೀರು ಮೂರೂ ಕೂಡಿದಾಗ ಏಳುವ ಸದ್ದು ಒಮ್ಮೆ ಕೇಳಿದವರ ಕಿವಿಯಿಂದ ಹೋಗುವುದಿಲ್ಲ.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಆ ಕಾಲದ ಇಂಗ್ಲೆಂಡ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಲಂಡನ್ನಿನ ಹೊಗೆ, ಮ್ಯಾಂಚೆಸ್ಟರಿನ ಗಿರಣಿ, ರೈಲು. ಆದರೆ 1851ರ ಜನಗಣತಿ ನಡೆಯುವವರೆಗೆ ಆ ದೇಶದ ಹೆಚ್ಚಿನ ಜನ ಇದ್ದದ್ದು ಹಳ್ಳಿಗಳಲ್ಲೇ. ಆ ವರ್ಷದ ಲೆಕ್ಕದಲ್ಲಿ ಮೊದಲ ಬಾರಿಗೆ ತಕ್ಕಡಿ ಪಟ್ಟಣಗಳ ಕಡೆಗೆ ತುಸು ವಾಲಿತು. ಆಗಲೂ ಅತಿ ಹೆಚ್ಚು ಜನರ ಹೊಟ್ಟೆ ಹೊರೆಯುತ್ತಿದ್ದ ಕೆಲಸ ಬೇಸಾಯವೇ. ಬೇಸಾಯ ಎಂದರೆ ಸ್ವಂತ ಹೊಲದ ದುಡಿಮೆ ಎಂದುಕೊಳ್ಳಬೇಡಿ. ಭೂಮಿ ದೊಡ್ಡ ಜಮೀನುದಾರನದು. ಅದನ್ನು ಗುತ್ತಿಗೆಗೆ ಹಿಡಿದು ನಡೆಸುವವನು ರೈತ. ಕೆಸರಿನಲ್ಲಿ ನಿಂತು ಕೆಲಸ ಮಾಡುವವನಿಗೆ ಅಂಗೈಯಗಲ ನೆಲವೂ ಇಲ್ಲ, ಅವನು ಕೂಲಿಯಾಳು. ಈ ಮೂರು ಮೆಟ್ಟಿಲುಗಳ ಪಕ್ಕದಲ್ಲಿ, ಕೂಲಿಯವನಿಗಿಂತ ಒಂದು ಕೈ ಮೇಲೆ, ಹಳ್ಳಿಯ ಕಸುಬುದಾರರು ನಿಲ್ಲುತ್ತಿದ್ದರು.

ಅವರಲ್ಲಿ ಗಾಡಿಯ ಬಡಗಿಯನ್ನು ಮೊದಲು ನೋಡೋಣ. ಅವನ ಅಂಗಳದಲ್ಲಿ ಮರದ ದಿಮ್ಮಿಗಳು ವರ್ಷಗಟ್ಟಲೆ ಒಣಗುತ್ತ ಬಿದ್ದಿರುತ್ತಿದ್ದವು. ಹಲಗೆ ಎಷ್ಟು ಅಂಗುಲ ದಪ್ಪವೋ ಅಷ್ಟು ವರ್ಷ ಒಣಗಬೇಕು ಎಂಬುದು ರೂಢಿಯ ಲೆಕ್ಕ. ಅಂದರೆ ಇವತ್ತು ತಂದು ಹಾಕಿದ ಮರವನ್ನು ಕೊಯ್ಯುವ ಹೊತ್ತಿಗೆ ಮಗ ಕೆಲಸಕ್ಕೆ ಬಂದಿರುತ್ತಿದ್ದ. ಗಾಲಿಯ ನಡುವಿನ ಗುಂಬಕ್ಕೆ ಎಲ್ಮ್ ಮರವೇ ಆಗಬೇಕು, ಏಕೆಂದರೆ ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಸುತ್ತಲೂ ತೂತು ಕೊರೆದರೂ ಸೀಳುವುದಿಲ್ಲ. ಗುಂಬದಿಂದ ಹೊರಡುವ ಅರಗಳಿಗೆ ಓಕ್. ಅದನ್ನು ಗರಗಸದಲ್ಲಿ ಕೊಯ್ಯದೆ ಎಳೆಯ ಗುಂಟ ಸೀಳಿ ತೆಗೆಯುತ್ತಿದ್ದರು, ಎಳೆ ಕಡಿದರೆ ಬಲ ಹೋಗುತ್ತದೆ ಎಂದು. ಹೊರಸುತ್ತಿನ ಬಾಗಿದ ತುಂಡುಗಳಿಗೆ ಆ್ಯಶ್. ಅದು ಬಳುಕುವ ಮರ, ಕಲ್ಲಿನ ಹೊಡೆತವನ್ನು ಸಹಿಸಿಕೊಳ್ಳುತ್ತದೆ. ಇಷ್ಟಾದ ಮೇಲೂ ಗಾಲಿ ಚಪ್ಪಟೆಯಾಗಿರುವಂತಿಲ್ಲ. ತಟ್ಟೆಯ ಹಾಗೆ ಸ್ವಲ್ಪ ಕುಳಿಯಾಗಿರಬೇಕು. ಕುದುರೆ ಹೆಜ್ಜೆ ಹಾಕುವಾಗ ಹೊರೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಪ್ರತಿ ತೂಗಿಗೂ ಗುಂಬವನ್ನು ಪಕ್ಕಕ್ಕೆ ಒತ್ತುತ್ತದೆ. ಚಪ್ಪಟೆ ಗಾಲಿಯಾದರೆ ಕೆಲವೇ ದಿನಗಳಲ್ಲಿ ಸಡಿಲವಾಗಿ ಕೊಡೆಯಂತೆ ಮಗುಚಿಕೊಳ್ಳುತ್ತದೆ. ಇದನ್ನು ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಕಣ್ಣಳತೆಯಿಂದಲೇ ಕುಳಿ ತೆಗೆಯುತ್ತಿದ್ದ.

ಗಾಲಿ ಸಿದ್ಧವಾದ ಮೇಲೆ ಅದು ಕಮ್ಮಾರನ ಪಾಲು. ಬಹಳ ಹಳ್ಳಿಗಳಲ್ಲಿ ಕುಲುಮೆಯೂ ಗಾಡಿ ಬಡಗಿಯ ಕೊಟ್ಟಿಗೆಯೂ ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಕಮ್ಮಾರ ಒಂದು ಪುಟ್ಟ ಅಳತೆ ಚಕ್ರವನ್ನು ಗಾಲಿಯ ಅಂಚಿನ ಮೇಲೆ ಉರುಳಿಸಿ ಸುತ್ತಳತೆ ತೆಗೆದುಕೊಳ್ಳುತ್ತಿದ್ದ. ಕಬ್ಬಿಣದ ಪಟ್ಟಿಯನ್ನು ಅದಕ್ಕಿಂತ ಸ್ವಲ್ಪ ಕಡಿಮೆ ಇರುವಂತೆ ಕತ್ತರಿಸಿ, ಬಳೆಯಾಗಿ ಬಾಗಿಸಿ ಬೆಸೆಯುತ್ತಿದ್ದ. ಎಷ್ಟು ಕಡಿಮೆ ಎಂಬುದರಲ್ಲೇ ಅವನ ವಿದ್ಯೆ. ಹೆಚ್ಚು ಬಿಗಿಯಾದರೆ ಅರಗಳು ಬಾಗುತ್ತವೆ, ಸಡಿಲವಾದರೆ ಬೇಸಗೆಯಲ್ಲಿ ಹಳಿ ಕಳಚಿ ಬೀಳುತ್ತದೆ. ಅಂಗಳದಲ್ಲಿ ಬೆಂಕಿ ಹಾಕಿ ಬಳೆಯನ್ನು ಕೆಂಪಗೆ ಕಾಯಿಸುತ್ತಿದ್ದರು. ಗಾಲಿಯನ್ನು ನೆಲದಲ್ಲಿ ಹೂತ ದುಂಡನೆಯ ಕಬ್ಬಿಣದ ಹಾಸಿನ ಮೇಲೆ ಮಲಗಿಸಿ, ಗುಂಬವನ್ನು ನಡುವಿನ ತೂತಿನಲ್ಲಿ ಕೂರಿಸಿ ಬಿಗಿಯುತ್ತಿದ್ದರು. ಮೂವರು ಇಕ್ಕುಳ ಹಿಡಿದು ಬೆಂಕಿಯಿಂದ ಹಳಿಯನ್ನು ಎತ್ತಿ ತಂದು ಗಾಲಿಯ ಮೇಲೆ ಇಳಿಸುತ್ತಿದ್ದಂತೆ ಮರ ಭಗ್ಗನೆ ಹೊತ್ತಿಕೊಳ್ಳುತ್ತಿತ್ತು. ಸುತ್ತಿಗೆಯ ಏಟು ನಾಲ್ಕು ಕಡೆಯಿಂದ. ಅದರ ಹಿಂದೆಯೇ ನೀರು. ಆವಿಯ ಮೋಡದೊಳಗೆ ಮನುಷ್ಯರು ಕಾಣದೆ ಹೋಗುತ್ತಿದ್ದರು. ಕಬ್ಬಿಣ ಕುಗ್ಗುತ್ತ ಬಂದಂತೆ ಗಾಲಿಯ ಒಂದೊಂದು ಕೀಲೂ ಕಿರುಗುಟ್ಟಿ, ಟಕ್ಕೆಂದು ತನ್ನ ಜಾಗದಲ್ಲಿ ಕೂರುತ್ತಿತ್ತು. ಅಷ್ಟೂ ಕೆಲಸ ಮುಗಿಯಲು ಕೆಲವೇ ನಿಮಿಷ. ಶಾಲೆ ಬಿಟ್ಟ ಮಕ್ಕಳು ಬೇಲಿಯಾಚೆ ಸಾಲಾಗಿ ನಿಂತು ನೋಡುತ್ತಿದ್ದರು.

ಇಂಥ ಬಡಗಿಗೆ ತನ್ನ ಸುತ್ತಲಿನ ಹತ್ತು ಮೈಲಿಯ ಮಣ್ಣು ಬೆರಳ ತುದಿಯಲ್ಲಿ ಗೊತ್ತಿರುತ್ತಿತ್ತು. ಜಿಗುಟು ಮಣ್ಣಿನ ಊರಿಗೆ ಗಾಲಿಯ ಅಗಲ ಬೇರೆ, ಸುಣ್ಣಗಲ್ಲಿನ ಗುಡ್ಡಕ್ಕೆ ಬೇರೆ. ಎರಡು ಗಾಲಿಗಳ ನಡುವಿನ ಅಂತರವನ್ನೂ ಆ ಸೀಮೆಯ ದಾರಿಯಲ್ಲಿ ಆಗಲೇ ಬಿದ್ದಿರುವ ಗಾಲಿಜಾಡು ನೋಡಿಯೇ ನಿಗದಿ ಮಾಡುತ್ತಿದ್ದ. ಹಣದ ಲೆಕ್ಕ ಮಾತ್ರ ಅವನ ಕೈಗೆ ಹತ್ತುತ್ತಿರಲಿಲ್ಲ. ಸರ‍್ರೆ ಸೀಮೆಯ ಫಾರ್ನ್‌ಹ್ಯಾಮ್ ಊರಿನಲ್ಲಿ 1884ರಲ್ಲಿ ತಂದೆಯ ಗಾಡಿ ಕೊಟ್ಟಿಗೆಯನ್ನು ವಹಿಸಿಕೊಂಡ ಜಾರ್ಜ್ ಸ್ಟರ್ಟ್ ಲೆಕ್ಕದ ಪುಸ್ತಕ ತೆರೆದು ನೋಡಿದಾಗ, ತಲೆಮಾರುಗಳಿಂದ ನಡೆದುಬಂದ ವಾಡಿಕೆಯ ಬೆಲೆಗಳು ಎಷ್ಟೋ ಕೆಲಸಗಳಲ್ಲಿ ಖರ್ಚಿಗೂ ಸಾಲುತ್ತಿಲ್ಲ ಎಂಬುದು ತಿಳಿಯಿತು. ನನಗೆ ಈ ಮಾಹಿತಿ ತುಂಬ ಮುಖ್ಯವಾಗಿ ಕಾಣುತ್ತದೆ. ಹಳ್ಳಿಯ ಕಸುಬುಗಳ ಬಗ್ಗೆ ಬರೆಯುವವರು ಕೈಚಳಕವನ್ನು ಹೊಗಳಿ ಮುಗಿಸಿಬಿಡುತ್ತಾರೆ. ಆ ಕೈಗೆ ಸಿಕ್ಕ ಕೂಲಿ ಎಷ್ಟು ಎಂದು ಕೇಳದೆ ಚಳಕವನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಇಲ್ಲಿಂದ ಮುಂದೆ ಕಸುಬಿನ ಜೊತೆಗೆ ಆದಷ್ಟೂ ಕೂಲಿಯನ್ನೂ ಕಟ್ಟಿಕೊಂಡೇ ಮಾತಾಡುತ್ತೇನೆ.

ವಾರಿಕ್‌ಷೈರ್ ಸೀಮೆಯಲ್ಲಿ ಬಾರ್‌ಫರ್ಡ್ ಎಂಬ ಹಳ್ಳಿಯಿದೆ. ಅಲ್ಲಿ 1826ರಲ್ಲಿ ಒಬ್ಬ ಕೂಲಿಯಾಳಿನ ಮಗನಾಗಿ ಜೋಸೆಫ್ ಆರ್ಚ್ ಹುಟ್ಟಿದ. ಚಿಕ್ಕವನಿದ್ದಾಗ ಒಂದು ದಿನ ಚರ್ಚಿನ ಬಾಗಿಲ ಬೀಗದ ಕಂಡಿಯಲ್ಲಿ ಕಣ್ಣಿಟ್ಟು ಒಳಗೆ ನೋಡಿದ. ದೊಡ್ಡವರು ಪ್ರಸಾದದ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಹೊತ್ತು. ಮೊದಲು ಜಮೀನುದಾರ ಎದ್ದು ಹೋದ. ಆಮೇಲೆ ರೈತರು. ಅವರ ಹಿಂದೆ ಅಂಗಡಿಯವರು, ಗಾಡಿಯ ಬಡಗಿ, ಕಮ್ಮಾರ. ಎಲ್ಲರದೂ ಆದ ಮೇಲೆ, ಕಟ್ಟಕಡೆಯಲ್ಲಿ, ಮೊಣಕಾಲಿನವರೆಗೆ ಇಳಿಬಿದ್ದ ನಿಲುವಂಗಿ ತೊಟ್ಟ ಕೂಲಿಯಾಳುಗಳು. ಅವರ ಪಕ್ಕದಲ್ಲಿ ಬೇರೆ ಯಾರೂ ಮೊಣಕಾಲೂರಲಿಲ್ಲ. ಕೂಲಿಯವರಲ್ಲಿ ತನ್ನ ತಂದೆಯೂ ಇದ್ದುದನ್ನು ಕಂಡ ಆ ಹುಡುಗ ಅದನ್ನು ಕೊನೆತನಕ ಮರೆಯಲಿಲ್ಲ. ಹಳ್ಳಿಯ ಸಮಾಜದ ನಕ್ಷೆ ಬೇಕೆಂದರೆ ಈ ಸಾಲಿಗಿಂತ ಸ್ಪಷ್ಟವಾದದ್ದು ನನಗೆ ಸಿಕ್ಕಿಲ್ಲ.

ಸಾಲಿನ ಕೊನೆಯವನ ಕೂಲಿ ಎಷ್ಟು? 1850-51ರಲ್ಲಿ ಜೇಮ್ಸ್ ಕೇರ್ಡ್ ಎಂಬುವರು ಸೀಮೆ ಸೀಮೆ ತಿರುಗಿ ಬೇಸಾಯದ ಸ್ಥಿತಿಯನ್ನು ಬರೆದಿಟ್ಟರು. ಉತ್ತರದ ಸೀಮೆಗಳಲ್ಲಿ ವಾರಕ್ಕೆ ಸರಾಸರಿ 11 ಶಿಲಿಂಗ್ 6 ಪೆನ್ಸ್, ದಕ್ಷಿಣದಲ್ಲಿ 8 ಶಿಲಿಂಗ್ 5 ಪೆನ್ಸ್ (ಹನ್ನೆರಡು ಪೆನ್ಸ್ ಸೇರಿದರೆ ಒಂದು ಶಿಲಿಂಗ್). ಈ ಅಂತರಕ್ಕೆ ಕಾರಣ ಮಣ್ಣಲ್ಲ, ಕಲ್ಲಿದ್ದಲು. ಉತ್ತರದಲ್ಲಿ ಗಣಿಗಳೂ ಗಿರಣಿಗಳೂ ಹತ್ತಿರವಿದ್ದವು. ಕೂಲಿ ಕಡಿಮೆ ಕೊಟ್ಟರೆ ಆಳು ಅಲ್ಲಿಗೆ ಹೋಗುತ್ತಾನೆಂಬ ಭಯ ರೈತನಿಗಿತ್ತು. ದಕ್ಷಿಣದ ಹಳ್ಳಿಯವನಿಗೆ ಹೋಗಲು ಜಾಗವಿರಲಿಲ್ಲ. ಮನೆತುಂಬ ಮಕ್ಕಳಿರುವ ಸಂಸಾರಕ್ಕೆ ಆ ಎಂಟು ಶಿಲಿಂಗಿನ ದೊಡ್ಡ ಪಾಲು ಬ್ರೆಡ್ಡಿಗೇ ಮುಗಿದುಹೋಗುತ್ತಿತ್ತು. ಉಳಿದದ್ದರಲ್ಲಿ ಬಾಡಿಗೆ, ಚಹಾ, ಮೇಣದಬತ್ತಿ, ಬೂಟು. ಬೂಟಿನ ಖರ್ಚು ಎಲ್ಲ ಸಂಸಾರಗಳಿಗೂ ತಲೆನೋವು. ಸುಗ್ಗಿಯಲ್ಲಿ ಸಿಗುವ ಹೆಚ್ಚುವರಿ ದುಡ್ಡೆಲ್ಲ ಅದಕ್ಕೇ ಎತ್ತಿಡುವುದಿತ್ತು. ಮಳೆ ಬಂದ ದಿನ ಕೆಲಸವಿಲ್ಲ, ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ.

ಹಾಗಾದರೆ ಬದುಕಿದ್ದು ಹೇಗೆ ಎಂದು ಸಭೆಯಲ್ಲಿ ಒಬ್ಬ ಅಕ್ಕ ಕೇಳಿದರು. ಸರಿಯಾದ ಪ್ರಶ್ನೆ. ಹೆಂಗಸರೂ ಮಕ್ಕಳೂ ದುಡಿದದ್ದರಿಂದ.

ಬೆಡ್‌ಫರ್ಡ್‌ಷೈರ್, ಬಕಿಂಗ್‌ಹ್ಯಾಮ್‌ಷೈರ್, ನಾರ್ಥ್ಯಾಂಪ್ಟನ್‌ಷೈರ್, ನೈಋತ್ಯದ ಡೆವನ್ ಈ ಸೀಮೆಗಳ ಹಳ್ಳಿಗಳಲ್ಲಿ ಹೆಂಗಸರ ಕಸುಬು ಲೇಸ್ ಹೆಣೆಯುವುದು. ಹುಲ್ಲು ಗಟ್ಟಿಯಾಗಿ ತುಂಬಿದ ದಿಂಬು ತೊಡೆಯ ಮೇಲೆ. ಅದರ ಮೇಲೆ ಚುಚ್ಚಿದ ಚಿತ್ರದ ಹಾಳೆ. ಒಂದೊಂದು ಚುಚ್ಚಿಗೂ ಒಂದು ಗುಂಡುಸೂಜಿ. ಸೂಜಿಗಳ ಸುತ್ತ ದಾರಗಳನ್ನು ದಾಟಿಸಿ ತಿರುಚುತ್ತ ಹೋಗಬೇಕು. ದಾರದ ತುದಿಗೆ ಬಾಬಿನ್ ಎಂಬ ಮರ ಅಥವಾ ಮೂಳೆಯ ಸಣ್ಣ ಕಡ್ಡಿ, ಅದರ ಬುಡಕ್ಕೆ ತೂಕಕ್ಕೆಂದು ಪೋಣಿಸಿದ ಗಾಜಿನ ಮಣಿಗಳು. ದೊಡ್ಡ ಚಿತ್ರವಾದರೆ ನೂರಾರು ಬಾಬಿನ್‌ಗಳು ದಿಂಬಿನ ಮೇಲೆ ಹರಡಿಕೊಂಡಿರುತ್ತಿದ್ದವು. ಬಾಬಿನ್‌ಗಳ ಮೇಲೆ ಅಕ್ಷರ ಕೊರೆಸುವ ರೂಢಿಯಿತ್ತು: ಅಮ್ಮನ ಹೆಸರು, ಮದುವೆಯಾಗುವ ಹುಡುಗನ ಹೆಸರು, ಸತ್ತ ಮಗುವಿನ ಹೆಸರು. ಬೆಡ್‌ಫರ್ಡ್ ಜೈಲಿನಲ್ಲಿ ಗಲ್ಲಿಗೇರಿದವರ ಹೆಸರು, ವರ್ಷ ಕೊರೆದ ಬಾಬಿನ್‌ಗಳೂ ಇವೆ. ಊರಿನ ಸುದ್ದಿಯೆಲ್ಲ ಆ ಪುಟ್ಟ ಮೂಳೆಕಡ್ಡಿಗಳ ಮೇಲೆ ಇಳಿದು ಹೆಂಗಸರ ಬೆರಳುಗಳ ನಡುವೆ ದಿನವಿಡೀ ಆಡುತ್ತಿತ್ತು.

ಕತ್ತಲಾದ ಮೇಲಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಂದು ಎತ್ತರದ ಮಣೆ, ಅದರ ನಡುವೆ ಒಂದೇ ಒಂದು ಮೇಣದಬತ್ತಿ. ಬತ್ತಿಯ ಸುತ್ತ ನೀರು ತುಂಬಿದ ದುಂಡನೆಯ ಗಾಜಿನ ಬುಡ್ಡಿಗಳು. ಹಿಮ ಕರಗಿಸಿದ ನೀರಾದರೆ ಹೆಚ್ಚು ತಿಳಿಯಾಗಿರುತ್ತದೆ ಎಂದು ಅದನ್ನೇ ಶೇಖರಿಸಿಡುತ್ತಿದ್ದರು. ಬತ್ತಿಯ ಬೆಳಕು ಬುಡ್ಡಿಯನ್ನು ಹಾದು ನಾಣ್ಯದಷ್ಟಗಲದ ಒಂದು ಹೊಳಪಾಗಿ ಹೆಣ್ಣೊಬ್ಬಳ ದಿಂಬಿನ ಮೇಲೆ ಬೀಳುತ್ತದೆ. ಬೆಳಕಿಗೆ ಹತ್ತಿರದ ಸುತ್ತಿನಲ್ಲಿ ನುರಿತವರು, ಅವರ ಹಿಂದಿನ ಸುತ್ತಿನಲ್ಲಿ ಉಳಿದವರು. ಒಂದು ಬತ್ತಿಗೆ ಹತ್ತು ಹನ್ನೆರಡು ಜನ. ಹೊಗೆ ತಾಗಿದರೆ ಬಿಳಿಯ ಲೇಸ್ ಮಾಸುತ್ತದೆಂದು ಚಳಿಗಾಲದಲ್ಲೂ ಒಲೆ ಹಚ್ಚುವಂತಿರಲಿಲ್ಲ. ಮಣ್ಣಿನ ಕುಡಿಕೆಯಲ್ಲಿ ಕೆಂಡ ತುಂಬಿ ಲಂಗದ ಕೆಳಗೆ ಕಾಲ ಬಳಿ ಇಟ್ಟುಕೊಂಡು ಕೂರುತ್ತಿದ್ದರು. ಆ ಸುತ್ತಿನಲ್ಲಿ ಐದಾರು ವರ್ಷದ ಹುಡುಗಿಯರೂ ಇದ್ದರು. ಲೇಸ್ ಶಾಲೆ ಎಂದು ಕರೆಯುತ್ತಿದ್ದ ಮನೆಗಳಲ್ಲಿ ಅವರಿಗೆ ಓದು ಕಡಿಮೆ, ಸೂಜಿ ಹೆಚ್ಚು. ಇಷ್ಟು ಸೂಜಿ ಆಗಲೇಬೇಕು ಎಂದು ಎಣಿಕೆ ಹಾಕುವ ಹಾಡುಗಳನ್ನು ಹೇಳಿಕೊಂಡು ಕೆಲಸ ಮಾಡುತ್ತಿದ್ದರು. ಚಿಕ್ಕಂದಿನಿಂದ ಬಗ್ಗಿ ಕುಳಿತ ಬೆನ್ನು ನೆಟ್ಟಗಾಗುತ್ತಿರಲಿಲ್ಲ, ಕಣ್ಣು ಬೇಗ ಮಂಜಾಗುತ್ತಿತ್ತು.

1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿಯ ಮದುವೆ. ಅವರು ತೊಟ್ಟ ಉಡುಪಿನ ಲೇಸನ್ನು ಹೆಣೆದವರು ಡೆವನ್ ಕಡಲತೀರದ ಬಿಯರ್ ಎಂಬ ಹಳ್ಳಿ ಮತ್ತು ಅದರ ಸುತ್ತಲಿನ ಇನ್ನೂರಕ್ಕೂ ಹೆಚ್ಚು ಹೆಂಗಸರು. ತಿಂಗಳುಗಟ್ಟಲೆ ಕೆಲಸ. ನಾಟಿಂಗ್‌ಹ್ಯಾಮ್‌ನ ಯಂತ್ರಗಳಿಂದ ಬರುತ್ತಿದ್ದ ಅಗ್ಗದ ಲೇಸಿನ ಮುಂದೆ ಕೈಲೇಸ್ ಸೋಲುತ್ತಿದ್ದ ಹೊತ್ತಿನಲ್ಲಿ ರಾಣಿ ಅದನ್ನೇ ಆರಿಸಿಕೊಂಡದ್ದು ಆ ಹೆಂಗಸರಿಗೆ ಒಂದಿಷ್ಟು ಕಾಲ ಉಸಿರು ಕೊಟ್ಟಿತು. ಶತಮಾನದ ಕೊನೆಯ ಹೊತ್ತಿಗೆ ದಿಂಬಿನ ಮುಂದೆ ಉಳಿದವರು ಹೆಚ್ಚಾಗಿ ಮುದುಕಿಯರೇ.

ಲೂಟನ್ ಪಟ್ಟಣದ ಸುತ್ತಮುತ್ತ ಇನ್ನೊಂದು ಕಸುಬಿತ್ತು, ಗೋಧಿಯ ದಂಟನ್ನು ಜಡೆಯಾಗಿ ಹೆಣೆಯುವುದು. ಲೂಟನ್‌ನಲ್ಲಿ ಆ ಜಡೆಗಳನ್ನು ಸುತ್ತಿ ಹೊಲಿದು ಟೋಪಿ ಮಾಡುತ್ತಿದ್ದರು. ಸಣ್ಣ ಉಪಕರಣದಿಂದ ದಂಟನ್ನು ಉದ್ದಕ್ಕೆ ಸೀಳಿ, ಮೆತ್ತಗಾಗಲೆಂದು ಬಾಯಲ್ಲಿ ಕಚ್ಚಿ ನೆನೆಸಿಕೊಂಡು, ದಾರಿಯಲ್ಲಿ ನಡೆಯುತ್ತಲೂ ಬಾಗಿಲಲ್ಲಿ ಹರಟುತ್ತಲೂ ಹೆಣೆಯುತ್ತಿದ್ದರು. ಮಕ್ಕಳ ತುಟಿಯಂಚುಗಳು ಸೀಳಿರುತ್ತಿದ್ದವು. ಇಪ್ಪತ್ತು ಗಜಕ್ಕೆ ಒಂದು ಲೆಕ್ಕ. ಬೇಡಿಕೆ ಜೋರಾಗಿದ್ದ ಕಾಲದಲ್ಲಿ ಚುರುಕು ಕೈಯ ಹೆಣ್ಣುಮಗಳು ಹೊಲಕ್ಕೆ ಹೋಗುವ ಗಂಡನಿಗಿಂತ ಹೆಚ್ಚು ತರುತ್ತಿದ್ದಳು. ಹೆಂಗಸರು ಹೀಗೆ ಸ್ವತಂತ್ರರಾದರೆ ಮನೆಗೆಲಸ ಕೆಡುತ್ತದೆ ಎಂದು ಅಲ್ಲಿನ ಗಣ್ಯರು ಗೊಣಗಿಕೊಂಡದ್ದೂ ಉಂಟು! 1870ರ ದಶಕದಿಂದ ಚೀನಾದ, ಆಮೇಲೆ ಜಪಾನಿನ ಅಗ್ಗದ ಜಡೆಗಳು ಹಡಗು ತುಂಬಿ ಬಂದವು. ಟೋಪಿಯ ವ್ಯಾಪಾರಕ್ಕೆ ಏನೂ ಆಗಲಿಲ್ಲ, ಹಳ್ಳಿಯ ಹೆಂಗಸರ ಕೈಯಿಂದ ಮಾತ್ರ ಕೆಲಸ ಜಾರಿತು.

ಸುಗ್ಗಿಯ ದಿನಗಳಿಗೆ ಬರೋಣ. ಗೋಧಿ ಕೊಯ್ಲಿಗೆ ಗಂಡಸರು ಗುಂಪು ಕಟ್ಟುತ್ತಿದ್ದರು. ಪೂರ್ವದ ಸೀಮೆಗಳಲ್ಲಿ ಗುಂಪಿನ ಮುಂದಾಳನ್ನು ಸುಗ್ಗಿಯ ದೊರೆ ಎಂದೇ ಕರೆಯುತ್ತಿದ್ದರು. ಅವನು ಎಲ್ಲರ ಪರವಾಗಿ ರೈತನ ಜೊತೆ ಚೌಕಾಸಿ ಮಾಡಿ, ಇಡೀ ಸುಗ್ಗಿಗೆ ಇಷ್ಟು ಎಂದು ಮುಗಿಸಿಕೊಳ್ಳುತ್ತಿದ್ದ. ಹೊಲದಲ್ಲಿ ಅವನ ಕುಡುಗೋಲು ಮುಂದೆ, ಉಳಿದವರದು ಓರೆ ಸಾಲಿನಲ್ಲಿ ಹಿಂದೆ. ಬೆಳೆಯ ಸಿವುಡುಗಳೆಲ್ಲ ಗಾಡಿ ಹತ್ತಿದ ಮೇಲೆ ಹೆಂಗಸರಿಗೂ ಮಕ್ಕಳಿಗೂ ಹಕ್ಕಲು ಆಯಲು ಬಿಡುತ್ತಿದ್ದರು. ಹಕ್ಕಲು ಎಂಬ ಮಾತು ನಮ್ಮಲ್ಲಿ ಎಷ್ಟು ಜನರಿಗೆ ಈಗ ನೆನಪಿದೆಯೋ, ಕೊಯ್ಲಾದ ಹೊಲದಲ್ಲಿ ಉದುರಿ ಬಿದ್ದ ತೆನೆ ಅದು. ಹೊಲದ ನಡುವೆ ಒಂದೇ ಒಂದು ಸಿವುಡನ್ನು ನಿಲ್ಲಿಸಿಟ್ಟಿದ್ದರೆ ಇನ್ನೂ ಒಳಗೆ ಕಾಲಿಡಬಾರದು ಎಂದು ಅರ್ಥ, ಅದಕ್ಕೆ ಪೊಲೀಸಪ್ಪ ಎಂದು ಹೆಸರು. ಬಹಳ ಊರುಗಳಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆದ ಮೇಲೆಯೇ ಆಯಲು ಶುರು, ಸಂಜೆಯ ಗಂಟೆಗೆ ನಿಲ್ಲಿಸಬೇಕು. ಕೂಸಿನ ತಾಯಿಗೂ ಮುದುಕಿಗೂ ಸಮನಾದ ಅವಕಾಶ ಸಿಗಲೆಂದು ಈ ಕಟ್ಟಳೆ. ಹಕ್ಕಲು ಆಯುವುದು ಹಕ್ಕಲ್ಲ ಎಂದು ನ್ಯಾಯಾಲಯ 1788ರಲ್ಲೇ ಹೇಳಿತ್ತು. ಹಳ್ಳಿಗಳು ಆ ತೀರ್ಪಿಗೆ ಕಿವಿಗೊಡಲಿಲ್ಲ. ಮೂರು ವಾರ ಬೆನ್ನು ಬಗ್ಗಿಸಿ ಆಯ್ದ ಗೋಧಿಯನ್ನು ಒಕ್ಕಿ ಗಿರಣಿಗೆ ಕೊಟ್ಟರೆ ಚಳಿಗಾಲದ ಕೆಲವು ತಿಂಗಳ ಹಿಟ್ಟು.

ಅದರ ಜೊತೆಗೆ ಹಿತ್ತಲಿನ ಹಂದಿ. ಆಲೂಗಡ್ಡೆಯ ಸಿಪ್ಪೆ, ಮಕ್ಕಳು ಆರಿಸಿ ತಂದ ಓಕ್ ಕಾಯಿ ತಿಂದು ಬೆಳೆಯುವ ಹಂದಿ ಆ ಮನೆಯ ಉಳಿತಾಯ ಖಾತೆ. ಭಾನುವಾರ ಸಂಜೆ ನೆಂಟರು ಬಂದರೆ ಮೊದಲು ಹಂದಿಗೂಡಿಗೆ ಕರೆದೊಯ್ದು ತೋರಿಸುತ್ತಿದ್ದರು. ಕಾಯಿಲೆ ಬಿದ್ದು ಸತ್ತರೆ ಸಂಸಾರ ಮುಳುಗಿದಂತೆ, ಅದಕ್ಕಾಗಿ ಊರವರು ಪೆನ್ಸ್ ಪೆನ್ಸ್ ಸೇರಿಸಿ ಹಂದಿ ಸಂಘ ಮಾಡಿಕೊಂಡು ಸತ್ತ ಹಂದಿಗೆ ಪರಿಹಾರ ಕೊಡುತ್ತಿದ್ದರು. ಹಂದಿ ಕಡಿಯಲು ಒಂದು ಗಟ್ಟಿಯಾದ ಮರದ ಮಣೆ ಇರುತ್ತಿತ್ತು. ಈ ಮಣೆಯನ್ನು ನೆನಪಿಡಿ, ಸ್ವಲ್ಪ ಹೊತ್ತಿನಲ್ಲೇ ಅದರ ಮೇಲೆ ಒಬ್ಬ ಮನುಷ್ಯ ಹತ್ತಿ ನಿಲ್ಲುತ್ತಾನೆ.

ಗಂಡುಹುಡುಗರ ಮೊದಲ ಕಸುಬು ಬಿತ್ತಿದ ಹೊಲದಲ್ಲಿ ಕಾಗೆ ಓಡಿಸುವುದು. ಜೋಸೆಫ್ ಆರ್ಚ್ ಒಂಬತ್ತನೆಯ ವಯಸ್ಸಿನಲ್ಲಿ ಅದಕ್ಕೇ ಸೇರಿದ, ದಿನಕ್ಕೆ ಹನ್ನೆರಡು ಗಂಟೆಗೆ 4 ಪೆನ್ಸ್. ಪೂರ್ವದ ಸೀಮೆಗಳಲ್ಲಿ ಇನ್ನೂ ಕೆಟ್ಟ ಪದ್ಧತಿಯೊಂದಿತ್ತು. ಮೇಸ್ತ್ರಿಯೊಬ್ಬ ಹೆಂಗಸರನ್ನೂ ಮಕ್ಕಳನ್ನೂ ತಂಡ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಮೈಲಿಗಟ್ಟಲೆ ನಡೆಸುತ್ತಿದ್ದ, ಕಳೆ ಕೀಳಿಸಲು, ಕಲ್ಲು ಆರಿಸಲು. 1867ರ ಕಾನೂನು ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ತಂಡಕ್ಕೆ ಸೇರಿಸಬಾರದು ಎಂದಿತು. ಅದೇ ವರ್ಷದ ಇನ್ನೊಂದು ಕಾನೂನು ಲೇಸ್ ಮನೆಗಳಿಗೂ ಹುಲ್ಲಿನ ಜಡೆಯ ಮನೆಗಳಿಗೂ ಅದೇ ವಯಸ್ಸಿನ ಗೆರೆ ಎಳೆಯಿತು. ಎಂಟು ವರ್ಷ ಎಂಬ ಗೆರೆಯನ್ನೇ ಕರುಣೆ ಎಂದು ಆ ಕಾಲ ಭಾವಿಸಿತ್ತು ಎನ್ನುವುದನ್ನು ಓದಿದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ. 1870ರ ಶಿಕ್ಷಣ ಕಾಯ್ದೆ ಬಂತು, 1880ರಲ್ಲಿ ಶಾಲೆ ಕಡ್ಡಾಯವಾಯಿತು, 1891ರಲ್ಲಿ ಶುಲ್ಕವೂ ಹೋಯಿತು. ಆದರೂ ಹಳ್ಳಿಯ ಮೇಷ್ಟ್ರುಗಳು ಬರೆದಿಟ್ಟ ದಿನಚರಿಗಳಲ್ಲಿ ಒಂದೇ ಪಲ್ಲವಿ: ಇಂದು ಹಾಜರಿ ಕಡಿಮೆ, ಮಕ್ಕಳು ಹುಲ್ಲು ಕೊಯ್ಲಿಗೆ, ಇಂದು ಹಾಜರಿ ಕಡಿಮೆ, ಮಕ್ಕಳು ಹಕ್ಕಲಿಗೆ. ಬೇಸಗೆ ರಜೆಗೂ ದಿನಾಂಕ ಗೊತ್ತುಮಾಡುತ್ತಿದ್ದದ್ದು ಗೋಧಿಯ ತೆನೆಯೇ.

ಇಷ್ಟು ದುಡಿದು ಕೈಕಾಲು ಸೋತ ಮೇಲೆ ಏನು? 1834ರ ಹೊಸ ಬಡವರ ಕಾಯ್ದೆಯ ಪ್ರಕಾರ ವರ್ಕ್‌ಹೌಸ್, ಅಂದರೆ ಗತಿಯಿಲ್ಲದವರನ್ನು ಒಳಗಿಟ್ಟು ದುಡಿಸಿ ಊಟ ಹಾಕುವ ಮನೆ. ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತಲೂ ಒಳಗಿನ ಬದುಕು ಕಷ್ಟವಾಗಿರಬೇಕು ಎಂಬುದೇ ಅದರ ತತ್ವ. ಬಾಗಿಲು ದಾಟಿದೊಡನೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹ್ಯಾಂಪ್‌ಷೈರಿನ ಆ್ಯಂಡೋವರ್ ವರ್ಕ್‌ಹೌಸಿನಲ್ಲಿ ಗೊಬ್ಬರಕ್ಕೆಂದು ಮೂಳೆ ಕುಟ್ಟುವ ಕೆಲಸ ಕೊಡುತ್ತಿದ್ದರು. ಹಸಿವು ತಾಳಲಾರದೆ ಅಲ್ಲಿನವರು ಆ ಕೊಳೆತ ಮೂಳೆಗಳಿಗೆ ಅಂಟಿದ್ದ ಮಾಂಸವನ್ನೂ ಒಳಗಿನ ಮಜ್ಜೆಯನ್ನೂ ತಿನ್ನುತ್ತಿದ್ದರು ಎಂಬುದು 1845ರಲ್ಲಿ ಬಯಲಾಗಿ ದೇಶವೇ ಬೆಚ್ಚಿತು. ಹೊಲದಲ್ಲಿ ಐವತ್ತು ವರ್ಷ ದುಡಿದ ಮುದುಕರು ಸಾವಿಗಿಂತ ಹೆಚ್ಚಾಗಿ ಹೆದರುತ್ತಿದ್ದದ್ದು ಆ ಬಾಗಿಲಿಗೆ.

ಈಗ ಆ ಹಂದಿ ಕಡಿಯುವ ಮಣೆಯ ವಿಷಯ. ಆರ್ಚ್ ಬೆಳೆದು ಬೇಲಿ ಕಡಿದು ನೇಯುವುದರಲ್ಲಿ ಹೆಸರುವಾಸಿಯಾದ. ಆ ದೇಶದಲ್ಲಿ ಜೀವಂತ ಗಿಡಗಳನ್ನು ಅರೆ ಕಡಿದು, ಬಾಗಿಸಿ, ಗೂಟಗಳ ನಡುವೆ ಹೆಣೆದು ಬೇಲಿ ಕಟ್ಟುತ್ತಾರೆ. ಆ ಕೆಲಸದ ಸ್ಪರ್ಧೆಗಳಲ್ಲಿ ಗೆದ್ದವನು ಅವನು. ಮೆಥಡಿಸ್ಟ್ ಪಂಥದ ಬೋಧಕನಾಗಿ ಭಾಷಣವೂ ಪಳಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬಾರ್‌ಫರ್ಡಿನ ಅವನ ಪುಟ್ಟ ಮನೆ ಸ್ವಂತದ್ದು. ಬಹುಪಾಲು ಕೂಲಿಯವರು ರೈತನ ಅಥವಾ ಜಮೀನುದಾರನ ಮನೆಯಲ್ಲಿ ಇದ್ದವರು, ಎದುರಾಡಿದರೆ ಕೆಲಸದ ಜೊತೆ ಸೂರೂ ಹೋಗುತ್ತಿತ್ತು. ಆರ್ಚ್‌ನನ್ನು ಯಾರೂ ಬೀದಿಗೆ ಹಾಕುವಂತಿರಲಿಲ್ಲ.

1872ರ ಫೆಬ್ರವರಿ 7. ಪಕ್ಕದ ವೆಲ್ಸ್‌ಬೋರ್ನ್ ಹಳ್ಳಿಯ ಕೂಲಿಯವರು ಬಂದು, ನಮಗಾಗಿ ಮಾತಾಡಿ ಎಂದು ಕರೆದರು. ಮೂವತ್ತು ನಲವತ್ತು ಜನ ಬರಬಹುದೆಂದು ಆರ್ಚ್ ಎಣಿಸಿದ್ದ. ಹೋಗಿ ನೋಡಿದರೆ ಚೆಸ್ಟ್‌ನಟ್ ಮರದ ಕೆಳಗೆ, ಅವನ ಅಂದಾಜಿನಂತೆ, ಸುಮಾರು ಎರಡು ಸಾವಿರ ಜನ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಸುತ್ತಲಿನ ಹಳ್ಳಿಗಳಿಂದ ಕತ್ತಲಲ್ಲಿ ನಡೆದು ಬಂದವರು. ಅವರೆಕಾಯಿ ಬಳ್ಳಿಗೆ ಊರುವಂಥ ಉದ್ದ ಕೋಲುಗಳಿಗೆ ಲಾಂದ್ರ ತೂಗುಹಾಕಿ ಎತ್ತಿ ಹಿಡಿದಿದ್ದರು. ಯಾರೋ ಹಂದಿ ಕಡಿಯುವ ಮಣೆ ತಂದಿಟ್ಟರು. ಆರ್ಚ್ ಅದರ ಮೇಲೆ ಹತ್ತಿ ನಿಂತು ಮಾತಾಡಿದ. ಅಂದು ರಾತ್ರಿಯೇ ಸಂಘ ಸೇರಲು ನೂಕುನುಗ್ಗಲು. ಮಾರ್ಚ್ ತಿಂಗಳಲ್ಲಿ ವೆಲ್ಸ್‌ಬೋರ್ನ್‌ನವರು ವಾರಕ್ಕೆ 16 ಶಿಲಿಂಗ್ ಕೊಡಿ ಎಂದು ಮುಷ್ಕರ ಹೂಡಿದರು. ಮೇ ತಿಂಗಳಿಗೆ ಅದು ರಾಷ್ಟ್ರೀಯ ಕೃಷಿ ಕಾರ್ಮಿಕರ ಸಂಘವಾಯಿತು, 1874ರ ಹೊತ್ತಿಗೆ ಸದಸ್ಯರು 86,000 ಮುಟ್ಟಿದ್ದರು.

1873ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ಷೈರಿನ ಆಸ್ಕಾಟ್-ಅಂಡರ್-ವಿಚ್‌ವುಡ್ ಹಳ್ಳಿಯಲ್ಲಿ ಮುಷ್ಕರ ನಡೆದಿತ್ತು. ರೈತನೊಬ್ಬ ಪಕ್ಕದೂರಿಂದ ಇಬ್ಬರು ಹುಡುಗರನ್ನು ಕೆಲಸಕ್ಕೆ ಕರೆಸಿದ. ಊರಿನ ಹೆಂಗಸರು ದಾರಿಗೆ ಅಡ್ಡ ನಿಂತು, ವಾಪಸ್ಸು ಹೋಗಿ, ನಮ್ಮ ಜೊತೆ ಸೇರಿ ಎಂದರು. ಅಷ್ಟಕ್ಕೆ 16 ಹೆಂಗಸರಿಗೆ ಜೈಲು. ಶಿಕ್ಷೆ ವಿಧಿಸಿದ ನ್ಯಾಯಾಧೀಶರಿಬ್ಬರೂ ಪಾದ್ರಿಗಳು. ಜೈಲಿಗೆ ಹೋದವರಲ್ಲಿ ಇಬ್ಬರ ತೋಳಿನಲ್ಲಿ ಹಾಲು ಕುಡಿಯುವ ಕೂಸುಗಳಿದ್ದವು. ಬೀಗದ ಕಂಡಿಯಲ್ಲಿ ಹುಡುಗ ಆರ್ಚ್ ಕಂಡ ಸಾಲು ನನಗೆ ಇಲ್ಲಿ ಮತ್ತೆ ಕಣ್ಣಿಗೆ ಕಟ್ಟುತ್ತದೆ.

ಸಂಘದ ಬಲ ಬಹುಕಾಲ ಉಳಿಯಲಿಲ್ಲ. 1874ರಲ್ಲಿ ಪೂರ್ವ ಸೀಮೆಯ ರೈತರು ಒಟ್ಟಾಗಿ ಸಂಘದವರಿಗೆಲ್ಲ ಕೆಲಸ ಬಂದ್ ಮಾಡಿದರು, ಸಂಘದ ಗಂಟು ಕರಗಿತು. ಅದರ ಬೆನ್ನಿಗೇ ಬೇಸಾಯವೇ ಕುಸಿಯಿತು. 1879ರಲ್ಲಿ ಬೇಸಗೆಯೆಲ್ಲ ಮಳೆ ಸುರಿದು ಬೆಳೆ ಕೊಳೆಯಿತು. ಅಮೆರಿಕದ ಹುಲ್ಲುಗಾವಲಿನ ಗೋಧಿ ಉಗಿಹಡಗಿನಲ್ಲಿ ಬಂದಿಳಿಯಿತು. ಸೂಯೆಜ್ ಕಾಲುವೆ ತೆರೆದ ಮೇಲೆ ನಮ್ಮ ದೇಶದ ಗೋಧಿಯೂ ಆ ಸಾಲಿಗೆ ಸೇರಿತು. 1894ರಲ್ಲಿ ಗೋಧಿಯ ಬೆಲೆ ಕ್ವಾರ್ಟರಿಗೆ (ಅಲ್ಲಿನ ಧಾನ್ಯದ ಒಂದು ದೊಡ್ಡ ಅಳತೆ) 22 ಶಿಲಿಂಗ್ 10 ಪೆನ್ಸಿಗೆ ಇಳಿದಿತ್ತು. ಉಕ್ಕಿನ ಉರುಳೆಗಳ ದೊಡ್ಡ ಗಿರಣಿಗಳು ಬಂದರುಗಳಲ್ಲೇ ಎದ್ದು, ಬೀಸುವ ಕಲ್ಲಿನ ಹಳ್ಳಿ ಗಿರಣಿಗಳು ದನದ ಮೇವು ಅರೆಯುವುದಕ್ಕಷ್ಟೇ ಉಳಿದವು. ಗೋಧಿಯ ಹೊಲಗಳು ಹುಲ್ಲುಗಾವಲಾದವು. ಹುಲ್ಲಿಗೆ ಉಳುವವನು ಬೇಡ, ಉಳುವ ಕುದುರೆ ಬೇಡ, ಲಾಳ ಕಟ್ಟುವವನು ಬೇಡ, ಗಾಡಿ ಮಾಡುವವನೂ ಬೇಡ. ಗಟ್ಟಿಮುಟ್ಟಾದ ಹುಡುಗರು ರೈಲಿಗೆ, ಪೊಲೀಸಿಗೆ, ಕೆನಡಾಕ್ಕೆ ಹೊರಟರು. ಆರ್ಚ್ 1873ರಲ್ಲೇ ಕೆನಡಾಕ್ಕೆ ಹೋಗಿ ಅಲ್ಲಿನ ನೆಲ ನೋಡಿ ಬಂದಿದ್ದ.

ಆದರೂ ಆ ಮರದ ಕೆಳಗಿನ ರಾತ್ರಿ ವ್ಯರ್ಥವಾಗಲಿಲ್ಲ. 1884ರಲ್ಲಿ ಹಳ್ಳಿಯ ಕೂಲಿಗಂಡಸರಿಗೆ ಮತದ ಹಕ್ಕು ಬಂತು. ಮರುವರ್ಷವೇ ಆರ್ಚ್ ವಾಯವ್ಯ ನಾರ್ಫೋಕ್‌ನಿಂದ ಸಂಸತ್ತಿಗೆ ಗೆದ್ದ. ಯುವರಾಜನ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆ ಇದ್ದದ್ದು ಅದೇ ಕ್ಷೇತ್ರದಲ್ಲಿ. ಕಾಗೆ ಓಡಿಸಿದ ಹುಡುಗ ಈಗ ಯುವರಾಜನ ಊರಿಗೂ ಸಂಸದ.

ಮತದ ಹಕ್ಕು ಬಂದ ಹತ್ತು ವರ್ಷದ ಮೇಲೆ, 1894ರಲ್ಲಿ, ಗ್ರಾಮಸಭೆಗಳನ್ನು ಸ್ಥಾಪಿಸುವ ಕಾಯ್ದೆ ಬಂತು. ಅಲ್ಲಿಯವರೆಗೆ ಊರಿನ ವ್ಯವಹಾರವೆಲ್ಲ ಪಾದ್ರಿ ಮತ್ತು ಜಮೀನುದಾರನ ಕೈಯಲ್ಲಿತ್ತು. ಈ ಕಾಯ್ದೆಯಲ್ಲಿ ಹೆಂಗಸರೂ ಸದಸ್ಯರಾಗಬಹುದಿತ್ತು. ಅದರಲ್ಲಿ ಒಂದು ಚಿಕ್ಕ ನಿಯಮವಿದೆ. ಊರ ಸಭೆ ಸಂಜೆ ಆರು ಗಂಟೆಗಿಂತ ಮೊದಲು ಶುರುವಾಗಕೂಡದು. ಹೊಲಕ್ಕೆ ಹೋದವನು ಮನೆಗೆ ಬಂದು, ಬೂಟಿನ ಕೆಸರು ತೊಳೆದು, ಬರಲು ಅಷ್ಟು ಹೊತ್ತು ಬೇಕು. ಆ ಡಿಸೆಂಬರಿನಲ್ಲಿ ಹಳ್ಳಿ ಹಳ್ಳಿಯ ಶಾಲೆಯ ಕೋಣೆಗಳಲ್ಲಿ ದೀಪ ಹಚ್ಚಿ ಮೊದಲ ಸಭೆಗಳು ನಡೆದವು. ಮಕ್ಕಳ ಬೆಂಚುಗಳಲ್ಲಿ ಮುದುರಿಕೊಂಡು ಜಮೀನುದಾರ, ರೈತ, ಅಂಗಡಿಯವನು, ಬಡಗಿ, ಕಮ್ಮಾರ, ಕೂಲಿಯಾಳು ಎಲ್ಲರೂ ಕುಳಿತರು. ಒಬ್ಬೊಬ್ಬ ಅಭ್ಯರ್ಥಿಯ ಹೆಸರು ಕೂಗಿದಾಗಲೂ ಒಪ್ಪುವವರು ಕೈ ಎತ್ತಬೇಕು. ಎತ್ತಿದ ಕೈಗಳನ್ನು ಒಂದೊಂದಾಗಿ ಎಣಿಸಿದರು.